ಇಂಟರ್ವಲ್ ಎಂಬ ಮಾತಿನ ಅರ್ಥವೂ ಮೂಲವೂ

ಶಾಲೆಯಲ್ಲಿ ಪಾಠಗಳ ನಡುವೆ ಗಂಟೆ ಬಾರಿಸಿದ ಕೂಡಲೆ ಮಕ್ಕಳು "ಇಂಟರ್ವಲ್" ಎಂದು ಕೂಗುತ್ತಾ ಹೊರಗೆ ಓಡುವದನ್ನು ನೀವು ಕಂಡಿದ್ದೀರಿ. ವಿರಾಮ, ಬಿಡುವು ಎಂಬದೇ ಈ ಇಂಗ್ಲಿಷ್ ಮಾತಿನ ಅರ್ಥವೆಂದು ಎಲ್ಲರೂ ಬಲ್ಲರು. ಆದರೆ ಇದು ಮೊದಲು ಯಾವದಕ್ಕೆ ಸಲ್ಲುತ್ತಿತ್ತೆಂದು ವಿಚಾರಿಸಿದರೆ ನಮಗೆ ಒಂದು ಒಳ್ಳೇ ಪಾಠವು ದೊರೆಯುತ್ತದೆ.

1. ಮಾತಿನ ಮೂಲ. ಇದು ಪೂರ್ವಕಾಲದ ರೋಮಾಯರ ಲ್ಯಾಟಿನ್ ಭಾಷೆಯಲ್ಲಿ ಹುಟ್ಟಿ, ಫ್ರೆಂಚ್ ಭಾಷೆಯ ಮಾರ್ಗವಾಗಿ ಸುಮಾರು 700 ವರ್ಷಗಳ ಹಿಂದೆ ಇಂಗ್ಲಿಷಿಗೆ ಬಂತು. "ಇಂಟರ್" ಅಂದರೆ ನಡುವೆ. "ವಾಲ್ಲುಮ್" ಅಂದರೆ ಗೂಟಗಳನ್ನು ನೆಟ್ಟು ಭದ್ರಮಾಡಿದ ಮಣ್ಣಿನ ಒಡ್ಡು. ಈ "ಇಂಟರ್" ಎಂಬದೂ ನಾವು ಆಡುವ "ಅಂತರ" ಎಂಬ ಸಂಸ್ಕೃತ ಮಾತೂ ಒಂದೇ ಮೂಲದವುಗಳಾಗಿವೆ.

2. ಪಾಳೆಯದ ಬರಿನೆಲ. ರೋಮಾಯರ ದಂಡು ಪ್ರಯಾಣದಲ್ಲಿ ಇಳುಕೊಳ್ಳುವಾಗ ಸುತ್ತಲೂ ಕಂದಕವನ್ನು ತೋಡಿ ಒಡ್ಡನ್ನು ಹಾಕುತ್ತಿತ್ತು. ಕ್ರಿ. ಪೂ. 2ನೇ ಶತಮಾನದ ಗ್ರೀಕ್ ಚರಿತ್ರೆಗಾರನಾದ ಪೊಲಿಬಿಯನು ಬರೆದಿರುವ ಪ್ರಕಾರ, ಒಡ್ಡಿಗೂ ಗುಡಾರಗಳಿಗೂ ನಡುವೆ 200 ಅಡಿ ನೆಲವನ್ನು ಬರಿದಾಗಿ ಬಿಡುತ್ತಿದ್ದರು. ಸಿಪಾಯಿಗಳು ನೂಕುನುಗ್ಗಲಿಲ್ಲದೆ ಬರುವದಕ್ಕೂ ಹೋಗುವದಕ್ಕೂ ಅದು ಅನುಕೂಲವಾಗಿತ್ತು. ದನಕರುಗಳನ್ನು ರಾತ್ರಿ ಅಲ್ಲಿ ಕಾಯುತ್ತಿದ್ದರು. ಎಲ್ಲಕ್ಕಿಂತ ಮುಖ್ಯವಾಗಿ, ಶತ್ರುಗಳು ಇರುಳಲ್ಲಿ ಬೆಂಕಿಯನ್ನಾಗಲಿ ಈಟಿಯನ್ನಾಗಲಿ ಎಸೆದರೆ ಅದು ಗುಡಾರಗಳನ್ನು ಮುಟ್ಟುತ್ತಿರಲಿಲ್ಲ. ಇಂಥ ನೆಲಕ್ಕೆ ಸಲ್ಲುತ್ತಿದ್ದ ಹೆಸರನ್ನು ರೋಮಾಯರೇ ಎರಡು ಕಾಲಗಳ ನಡುವಣ ಬಿಡುವಿಗೂ ಹೇಳತೊಡಗಿದರು.

3. ನಮಗಿರುವ ಪಾಠ. ಬರಿದಾಗಿ ಬಿಟ್ಟದ್ದೆಲ್ಲಾ ವ್ಯರ್ಥವೆಂದು ಎಣಿಸಬಾರದು. ಹುಲ್ಲಿನ ಬಣವೆಯನ್ನು ನಾವು ಮನೆಗೆ ತಾಗಿಸಿ ಒಟ್ಟುವದುಂಟೋ? ಇಲ್ಲ, ಒಂದಕ್ಕೆ ಕಿಡಿ ಬಿದ್ದರೆ ಮತ್ತೊಂದು ಉಳಿಯಲೆಂದು ನಡುವೆ ಸ್ಥಳ ಬಿಡುತ್ತೇವೆ. ಹಾಗಾದರೆ ನೆರೆಯವನು ಬಿರುನುಡಿ ಆಡಿದಾಗ, ಕೇಳಿದ ಮಾತಿಗೂ ಕೊಡುವ ಉತ್ತರಕ್ಕೂ ನಡುವೆ ನಾವು ಎಷ್ಟು ಸ್ಥಳ ಬಿಡುತ್ತೇವೆ? ಬದುವಿನ ಮೇಲೆ ಹುಟ್ಟಿದ ಒಂದು ಮಾತು ಸಾಯಂಕಾಲದೊಳಗೆ ಅಣ್ಣತಮ್ಮಂದಿರ ಎರಡು ಮನೆಗಳನ್ನು ಸುಡುವದನ್ನು ನಾವು ಕಂಡಿಲ್ಲವೋ? ಒಂದು ರಾತ್ರಿಯ ಬಿಡುವಿದ್ದಿದ್ದರೆ ಆ ಬೆಂಕಿಯು ನಡುವಣ ನೆಲದಲ್ಲೇ ಬಿದ್ದು ಆರಿಹೋಗುತ್ತಿತ್ತು. ಎತ್ತಿಗೂ ಆಳಿಗೂ ಬಿಡುವು ಕೊಡದ ಯಜಮಾನನು ಸಹ ಇದನ್ನು ಯೋಚಿಸಲಿ. ಅವನು ಉಳಿಸುವದು ಒಂದು ಗಳಿಗೆ, ಕಳೆದುಕೊಳ್ಳುವದು ಅವುಗಳ ಬಲವನ್ನೇ.

ಇನ್ನು ಮೇಲೆ ಶಾಲೆಯ ಗಂಟೆಯನ್ನು ಕೇಳುವಾಗ ಆ 200 ಅಡಿ ನೆಲವನ್ನು ನೆನಸಿರಿ.

ಪ್ರಶ್ನೆಗಳು: (1) "ವಾಲ್ಲುಮ್" ಅಂದರೇನು? (2) ಪಾಳೆಯದ ಬರಿನೆಲದಿಂದ ಆಗುತ್ತಿದ್ದ ಪ್ರಯೋಜನಗಳು ಯಾವವು? (3) ನಿಮ್ಮ ಮನೆಯಲ್ಲಿ ಯಾವ ಮಾತಿನ ಮುಂದೆ ಇಂಥ ಸ್ಥಳವನ್ನು ಬಿಡಬೇಕು?