ಬೆಳೆ ರಕ್ಷಣೆಯ ಬಂದೂಕು: ಪರವಾನಗಿ ಮತ್ತು ಸುರಕ್ಷತೆ

ಹಾನಗಲ್ ತಾಲ್ಲೂಕಿನ ಅಕ್ಕಿಆಲೂರಿನ ರೈತನೊಬ್ಬನು ಬೆಳೆ ರಕ್ಷಣೆಗೆಂದು, ನಳಿಗೆಯ ಬಾಯಿಯಿಂದಲೇ ಮದ್ದುಗುಂಡು ತುಂಬುವ ಬಂದೂಕನ್ನು ಮನೆಯಲ್ಲಿ ಇಟ್ಟುಕೊಳ್ಳಬೇಕಾದರೆ, 1959ರ ಶಸ್ತ್ರಾಸ್ತ್ರ ಅಧಿನಿಯಮದ ಅಡಿಯಲ್ಲಿ ಪರವಾನಗಿ ಪಡೆಯಬೇಕಾಗಿದ್ದು, ಅದನ್ನು ನೀಡುವ ಅಧಿಕಾರ ಹಾವೇರಿಯ ಜಿಲ್ಲಾ ದಂಡಾಧಿಕಾರಿಗೆ, ಅಂದರೆ ಜಿಲ್ಲಾಧಿಕಾರಿಗೆ, ಇರುತ್ತದೆ. 2016ರ ಶಸ್ತ್ರಾಸ್ತ್ರ ನಿಯಮಗಳಂತೆ ಅರ್ಜಿದಾರನು ಆಯುಧವನ್ನು ಸುರಕ್ಷಿತವಾಗಿ ಇಡುವುದಾಗಿ ಮುಚ್ಚಳಿಕೆ, ಎಂದರೆ ಲಿಖಿತ ವಚನ, ಕೊಡಬೇಕು. ಮದ್ದು ತುಂಬಿದ ಕೋವಿಯನ್ನು ಪಡಸಾಲೆಯ ಮೊಳೆಗೆ ತೂಗುಹಾಕುವುದು ಆ ವಚನದ ಆಶಯಕ್ಕೇ ವಿರುದ್ಧ; ಮಕ್ಕಳಿರುವ ಮನೆಗಳಲ್ಲಿ ಈ ಷರತ್ತಿಗಿಂತ ಮುಖ್ಯವಾದುದು ಬೇರೊಂದಿಲ್ಲ. ಪರವಾನಗಿಯ ಅವಧಿ ಮುಗಿದರೆ ಅಥವಾ ಅದು ರದ್ದಾದರೆ, ಅಧಿನಿಯಮದ 21ನೇ ಕಲಮಿನ ಪ್ರಕಾರ ಆಯುಧವನ್ನು ವಿಳಂಬವಿಲ್ಲದೆ ಸಮೀಪದ ಪೊಲೀಸ್ ಠಾಣೆಯಲ್ಲಿ ಇಲ್ಲವೆ ಪರವಾನಗಿ ಹೊಂದಿದ ವ್ಯಾಪಾರಿಯಲ್ಲಿ ಠೇವಣಿ ಇಡಬೇಕು. ಅದೇ ಅಧಿನಿಯಮದ 2019ರ ತಿದ್ದುಪಡಿಯು ಸಾಮಾನ್ಯವಾಗಿ ಒಬ್ಬರು ಹೊಂದಬಹುದಾದ ಬಂದೂಕುಗಳ ಮಿತಿಯನ್ನು 3ರಿಂದ 2ಕ್ಕೆ ಇಳಿಸಿ, ಪರವಾನಗಿಯ ಅವಧಿಯನ್ನು 3ರಿಂದ 5 ವರ್ಷಗಳಿಗೆ ಏರಿಸಿತು.