ದೈತ್ಯನ ಕಾಲಬುಡದ ಊರು

ನೀನು ಕಳಿಸಿದ ಗಾಡ್ಜಿಲ್ಲಾ ಫೋಟೊ ನೋಡಿದೆ ಪುಟ್ಟಾ. ಗೊಂಬೆ ಸೊಗಸಾಗಿದೆ. ಆದರೆ ಅದು ಮೇಜಿನ ಮೇಲೆ ನಿಂತ ಗೊಂಬೆಯಾಗಿಯೇ ಕಾಣುತ್ತಿದೆ. ಅದು ದೈತ್ಯನಾಗಿ ಕಾಣಬೇಕಾದರೆ ಸುತ್ತ ಒಂದು ಊರು ಬೇಕು. ರಟ್ಟು, ಅಂಟು ಹಿಡಿದು ನಾನು ಕಲಿತದ್ದನ್ನು ಹೇಳುತ್ತೇನೆ, ಕೇಳು.

• ಕತ್ತರಿ ಹಿಡಿಯುವ ಮೊದಲು ಲೆಕ್ಕ ಹಾಕು. 1954ರ ಮೊದಲ ಸಿನಿಮಾದಲ್ಲಿ ಗಾಡ್ಜಿಲ್ಲಾ 50 ಮೀಟರ್ ಎತ್ತರ. ನಿನ್ನ ಗೊಂಬೆ 15 ಸೆಂಟಿಮೀಟರ್. ಕಟ್ಟಡದ ಒಂದು ಅಂತಸ್ತಿಗೆ 3 ಮೀಟರ್ ಹಿಡಿದರೆ, ನಿನ್ನ ರಟ್ಟಿನಲ್ಲಿ ಅದು 9 ಮಿಲಿಮೀಟರ್. ಹತ್ತು ಅಂತಸ್ತು ಅಂದರೆ 9 ಸೆಂಟಿಮೀಟರ್. 2016ರ ‘ಶಿನ್ ಗಾಡ್ಜಿಲ್ಲಾ’ 118.5 ಮೀಟರ್ ಎತ್ತರ. ಅದರ ಗೊಂಬೆಯೂ ಇಷ್ಟೇ ಇದ್ದರೆ ಅಂತಸ್ತು 4 ಮಿಲಿಮೀಟರ್‌ಗೂ ಕಡಿಮೆ. ಕಿಟಕಿಯ ಅಳತೆ ತಪ್ಪಾದರೆ ದೈತ್ಯ ಕುಗ್ಗಿಬಿಡುತ್ತಾನೆ.

• ಆಟದ ರೈಲಿಗೆಂದು ಜಪಾನಿನಿಂದ ಬರುವ ಟೊಮಿಟೆಕ್ ಕಟ್ಟಡಗಳ ಅಳತೆ 1:150. ನಿನ್ನ ಗೊಂಬೆಯ ಪಕ್ಕದಲ್ಲಿಟ್ಟರೆ ಅವು ದೊಡ್ಡವಾಗುತ್ತವೆ. ಅವನ್ನು ಕ್ಯಾಮೆರಾದ ಹತ್ತಿರ ಇಡು, ಗೊಂಬೆಯನ್ನು ನಡುವೆ ನಿಲ್ಲಿಸು, ಇನ್ನೂ ಚಿಕ್ಕವನ್ನು ಹಿಂದಕ್ಕೆ ತಳ್ಳು. ಒಂದು ಮೊಳದ ಮೇಜು ಮೈಲಿಯಷ್ಟು ಉದ್ದವಾಗುತ್ತದೆ.

• ಎಯ್ಜಿ ತ್ಸುಬುರಾಯಾ ಅವರ ಕೆಲಸವನ್ನು ತಪ್ಪದೆ ನೋಡು. ಆ ಮೊದಲ ಸಿನಿಮಾಕ್ಕಾಗಿ ಟೋಕಿಯೊ ನಗರವನ್ನು 1:25ರ ಅಳತೆಯಲ್ಲಿ ಕಟ್ಟಿಸಿ, ಗಾಡ್ಜಿಲ್ಲಾನ ಭಾರದ ಉಡುಪು ತೊಟ್ಟ ಹರುವೊ ನಕಾಜಿಮಾ ಅವರನ್ನು ಅದರೊಳಗೆ ನಡೆಸಿದವರು ಅವರು. ಅಲ್ಲಿ ಗಿಂಜಾದ ಗಡಿಯಾರ ಗೋಪುರ ಮುರಿದು ಬೀಳುತ್ತದೆ. ಜನಕ್ಕೆ ಗುರುತಿರುವ ಇಂಥ ಒಂದು ಕಟ್ಟಡವಿದ್ದರೆ ಉಳಿದವೆಲ್ಲ ಸಾಧಾರಣ ಡಬ್ಬಿಗಳಾದರೂ ನಡೆಯುತ್ತದೆ.

• ವಿದ್ಯುತ್ ಕಂಬ, ತಂತಿಗೆ ಹೊಲಿಗೆ ದಾರ, ಚಾವಣಿಯ ಮೇಲೆ ನೀರಿನ ಟ್ಯಾಂಕ್. ಇವನ್ನು ಮರೆಯಬೇಡ.

• ಥರ್ಮೊಕೋಲ್ ಮೇಲೆ ಸ್ಪ್ರೇ ಪೇಂಟ್ ಹೊಡೆಯಬೇಡ, ಕರಗಿಹೋಗುತ್ತದೆ. ಎರಡು ದಿನದ ಕೆಲಸ ಹೀಗೆ ನನ್ನ ಕಣ್ಣೆದುರೇ ಹಾಳಾಯಿತು. ನೀರಿನಲ್ಲಿ ಕಲಸುವ ಅಕ್ರಿಲಿಕ್ ಬಣ್ಣವನ್ನು ಕುಂಚದಿಂದ ಹಚ್ಚು.

• ಮುರಿದ ಕಟ್ಟಡದಲ್ಲಿ ಒಳಗಿನ ಅಂತಸ್ತುಗಳು ಕಾಣಬೇಕು, ಕಬ್ಬಿಣದ ಸರಳಿನ ಬದಲು ಸಣ್ಣ ತಂತಿ ಹೊರಚಾಚಿರಬೇಕು. ಪ್ಲಾಸ್ಟರಿನ ಚೂರನ್ನು ಜರಡಿ ಹಿಡಿದು ಪುಡಿಯನ್ನು ಬೀದಿಗೆ ಉದುರಿಸು. ದಪ್ಪ ಚೂರುಗಳನ್ನು ಗೋಡೆಯ ಬುಡಕ್ಕೆ ಮಾತ್ರ ಇಡು.

• ಎಲ್ಲಕ್ಕಿಂತ ಮುಖ್ಯವಾದದ್ದು ಕ್ಯಾಮೆರಾ ಎಲ್ಲಿರಬೇಕು ಅನ್ನುವುದು. ಬೀದಿಯಲ್ಲಿ ಓಡುವ ಮನುಷ್ಯನ ಕಣ್ಣು ನಿನ್ನ ಊರಿನಲ್ಲಿ ನೆಲದಿಂದ ಬರೀ 5 ಮಿಲಿಮೀಟರ್ ಮೇಲೆ ಇರುತ್ತದೆ. ಫೋನನ್ನು ತಲೆಕೆಳಗು ಮಾಡಿ ಮೇಜಿಗೆ ತಾಗಿಸಿದರೆ ಲೆನ್ಸ್ ಅಲ್ಲಿಗೆ ಹತ್ತಿರ ಬರುತ್ತದೆ. ಮೇಲಿನಿಂದ ತೆಗೆದ ಫೋಟೊದಲ್ಲಿ ಮೇಜೂ ಕಾಣುತ್ತದೆ, ಆಟಿಕೆಯೂ ಕಾಣುತ್ತದೆ. ನಿನ್ನ ಫೋಟೊದಲ್ಲಿ ಆದದ್ದು ಅದೇ.

• ದೀಪ ಒಂದೇ ಸಾಕು, ಪಕ್ಕದಿಂದ. ದೈತ್ಯನ ನೆರಳು ಕಟ್ಟಡಗಳ ಮೇಲೆ ಬೀಳಲಿ.

ಈ ಭಾನುವಾರ ಒಂದೇ ಒಂದು ಕಟ್ಟಡ ಮಾಡು, ಅಂತಸ್ತಿಗೆ 9 ಮಿಲಿಮೀಟರ್. ಅದರ ಹಿಂದೆ ಗಾಡ್ಜಿಲ್ಲಾನನ್ನು ನಿಲ್ಲಿಸಿ ಕೆಳಗಿನಿಂದ ಫೋಟೊ ತೆಗೆದು ನನಗೆ ಕಳಿಸು.