ನಡಗೂದು ಯಾವಾಗ, ಅದನ್ನ ಮೊದಲ ಹೇಳು

ತಮ್ಮಾ, ಸೆಕೆಂಡ್ ಹ್ಯಾಂಡ್ ಸ್ವಿಫ್ಟ್ ತಗೊಂಡಿ, ಛಲೋ ಆತು. ರೇಸ್ ಕೊಟ್ಟಾಗ ಗಾಡಿ ನಡಗತೈತಿ, ಪ್ಲಗ್ ಹಾಕಸ್ಲೋ ಮೌಂಟಿಂಗ್ ಹಾಕಸ್ಲೋ ಅಂತ ಕೇಳಿದಿ. ಇನ್ನೂ ಏನೂ ಹಾಕಸಬ್ಯಾಡ. ಮಿಸ್ತ್ರಿ ಮುಂದ ನಿಂತು ಬರೇ "ನಡಗತೈತ್ರಿ" ಅಂದ್ರ ಅಂವಾ ತನಗ ರೂಢಿ ಇದ್ದದ್ದನ್ನ ಬಿಚ್ಚತಾನ. ಎಷ್ಟು ಸ್ಪೀಡಿನ್ಯಾಗ, ಯಾವ ಗೇರಿನ್ಯಾಗ, ಕಾಲು ತಗದ ಕೂಡ್ಲೆ ನಿಲ್ಲತೈತೋ ಇಲ್ಲೋ, ಸ್ಟೇರಿಂಗ್ ನಡಗತೈತೋ ಸೀಟು ನಡಗತೈತೋ, ಇಷ್ಟು ಹೇಳಿದ್ರ ಅರ್ಧ ರಿಪೇರಿ ಆದಂಗ.

ಮೊದಲು ರೊಕ್ಕ ಇಲ್ಲದ ಕೆಲಸ ಮಾಡು. ನಮ್ಮ ಶಿರೋಳದ್ದು ಎರಿ ನೆಲ. ಮಳಿ ಆದ ಮ್ಯಾಲೆ, ಇಲ್ಲಾ ಕಾಲುವಿ ನೀರು ಬಿಟ್ಟಾಗ ಹೊಲದ ದಾರಿಗೆ ಗಾಡಿ ಇಳಿಸಿದ್ರ ಎರಿ ಮಣ್ಣು ರಿಮ್ಮಿನ ಒಳಮಗ್ಗಲಕ್ಕ ಹತ್ತಿ ಕುಂದರತೈತಿ. ಎರಡು ಬಿಸಲು ಬಿತ್ತಂದ್ರ ಗಟ್ಟಿ ಇಟ್ಟಂಗಿ. ಬ್ಯಾಲೆನ್ಸಿಂಗ್ ಅಂಗಡಿಯಾಗ 5 ಗ್ರಾಂ, 10 ಗ್ರಾಂ ತುಂಡು ಬಡದು ಗಾಲಿ ಸಮ ಮಾಡತಾರ. ಅಂಥಾ ಗಾಲಿಗೆ ಒಂದ ಕಡಿ ಅರ್ಧ ಕಿಲೋ ಮಣ್ಣು ಹತ್ತಿದ್ರ ಅದು ಸುಮ್ಮನ ತಿರುಗತೈತೇನು? ಹಳ್ಳಿ ದಾರಿಯಾಗ 40ರ ಸ್ಪೀಡಿನ್ಯಾಗ ಗೊತ್ತ ಆಗೂದಿಲ್ಲ. ನರಗುಂದ ದಾಟಿ ಹುಬ್ಬಳ್ಳಿ ಹೆದ್ದಾರಿ ಹಿಡದು 80ಕ್ಕ ಏರಿಸಿದಾಗ ಸ್ಟೇರಿಂಗ್ ಕೈಯಾಗ ಕುಣೀತೈತಿ. ಹೊರಗಿಂದ ಪೈಪ್ ಹಿಡದು ತೊಳದ್ರ ಆ ಮಣ್ಣು ಹೋಗೂದಿಲ್ಲ. ನೀರು ಬಿಟ್ಟು ನೆನಸು, ಆಮ್ಯಾಲೆ ರಿಮ್ಮಿನ ಸಂದಿನ್ಯಾಗ ಕೈ ಹಾಕಿ ಕಟಗಿ ತುಂಡಿಲೆ ಕೆರಿ. ಬ್ರೇಕಿನ ರಬ್ಬರ್ ಪೈಪಿಗೆ ತಾಗದಂಗ ನೋಡಕೋ.

ಅಲ್ಲೇ ಕುಂತಾಗ ಟಾಯರೂ ನೋಡಿ ಬಿಡು. ಮಗ್ಗಲದಾಗ ಬುಗ್ಗಿ ಎದ್ದಿದ್ರ ಆ ಟಾಯರು ಮುಗೀತು. ಟಾಯರಿನ ಮಗ್ಗಲಕ್ಕ ನಾಕು ಅಂಕಿ ಒತ್ತಿರತಾರ. 2319 ಅಂತ ಇದ್ರ 2019ನೇ ಇಸ್ವಿಯ 23ನೇ ವಾರದಾಗ ತಯಾರಾಗಿದ್ದು. ಮಾರಿದಂವಾ ಹೊಸಾ ಟಾಯರು ಅಂತ ಹೇಳಿದ್ದು ಖರೇನೋ ಸುಳ್ಳೋ ಅನ್ನೂದೂ ಅಲ್ಲೇ ತಿಳೀತೈತಿ! ಗಾಲಿ ನಟ್ಟು ಎದರಾಬದರಾ ಬಿಗಿ ಮಾಡು. ಪಂಕ್ಚರ್ ತಗಸಿದ ಮ್ಯಾಲೆ ನಡಗಾಕ ಚಾಲೂ ಆಗಿದ್ರಂತೂ ಮೊದಲ ಅದನ್ನ ನೋಡು, ಸಡಲ ಇದ್ರ ಗಾಲಿನ ಕಳಚಿ ಹೋದೀತು.

ಇಷ್ಟು ಮಾಡಿದ ಮ್ಯಾಲೂ ನಡಗಿದ್ರ ಒಂದು ಪರೀಕ್ಷೆ ಐತಿ. ರಸ್ತಾ ಖಾಲಿ ಇರಬೇಕು, ಹಿಂದ ಗಾಡಿ ಇರಬಾರದು. ನಡಗೂ ಸ್ಪೀಡಿಗೆ ಹೋಗಿ ಕ್ಲಚ್ ಒತ್ತಿ ನ್ಯೂಟ್ರಲ್ ಮಾಡು. ಚಾವಿ ಮಾತ್ರ ತಿರುವಬ್ಯಾಡ, ಸ್ಟೇರಿಂಗ್ ಲಾಕ್ ಬಿದ್ದೀತು. ನ್ಯೂಟ್ರಲ್ಲಿನ್ಯಾಗೂ ನಡಗಿದ್ರ ತಪ್ಪು ಗಾಲಿಯಾಗ, ಟಾಯರಿನ್ಯಾಗ. ಸ್ಟೇರಿಂಗ್ ನಡಗಿದ್ರ ಬಹುತೇಕ ಮುಂದಿನ ಗಾಲಿ, ಸೀಟು ನಡಗಿದ್ರ ಹಿಂದಿಂದು. ಗಪ್ಪ್ ಅಂತ ನಿಂತ್ರ ಎಂಜಿನ್ನಿಂದ ಗಾಲಿತನಕಾ ಜೋರು ಮುಟ್ಟಸೂ ಸಾಮಾನಿನ್ಯಾಗ ಎಲ್ಲೋ ಐತಿ ಅಂತ ತಿಳಕೋ.

ಆಗ ಮುಂದಿನ ಗಾಲಿ ಹಿಂದ ಬಗ್ಗಿ ನೋಡು. ಎಕ್ಸೆಲ್ಲಿನ ಎರಡೂ ತುದಿಗೆ ರಬ್ಬರ್ ಬೂಟ್ ಇರತಾವ. ಹರದಿದ್ರ ಕರೀ ಗ್ರೀಸು ಸುತ್ತೆಲ್ಲಾ ಸಿಡಿದಿರತೈತಿ. ಹೊರಗಿನ ಜಾಯಿಂಟ್ ಕೆಟ್ರ ತಿರುವಿನ್ಯಾಗ ಕಟಕಟ ಅಂತೈತಿ. ಒಳಗಿನದು ಸವದ್ರ ರೇಸ್ ಕೊಟ್ಟಾಗ ಅಷ್ಟ ನಡಗಿ, ಕಾಲು ತಗದ ಕೂಡ್ಲೆ ಸುಮ್ಮನಾಗತೈತಿ. ನೀ ಹೇಳೂ ರೋಗ ಇದ ಇರಬಹುದು ಅಂತ ನನಗ ಅನಸತೈತಿ. ಬೂಟ್ ಹರದದ್ದು ಲಗೂನ ಕಣ್ಣಿಗೆ ಬಿದ್ರ ಹೊಸಾ ಬೂಟು, ಹೊಸಾ ಗ್ರೀಸಿನ್ಯಾಗ ಮುಗೀತೈತಿ. ಧೂಳು ಒಳಗ ಹೊಕ್ಕು ಗ್ರೀಸಿನ್ಯಾಗ ಕಲತು ಜಾಯಿಂಟ್ ತಿಂದ್ರ ಮಾತ್ರ ಖರ್ಚು ದೊಡ್ಡದು. ನಿಮ್ಮ ಕಾಕಾನ ಬೊಲೆರೊದಾಗ ಇದ ನಡಗು ಬಂದ್ರ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ನೋಡಬೇಕು, ಅಲ್ಲಿ ಜೋರು ಹಿಂದಿನ ಗಾಲಿಗೆ ಹೋಗತೈತಿ.

ಗಾಡಿ ನಿಂತಲ್ಲೇ ರೇಸ್ ಕೊಟ್ಟಾಗೂ ನಡಗಿದ್ರ ಎಂಜಿನ್ ಮಿಸ್ಸಿಂಗ್ ಹೊಡಿಯಾಕತ್ತೈತೇನು ನೋಡು. ಎಂಜಿನ್ ಲೈಟು ಮಿಣುಕಿದ್ರ ಎಳಕೊಂಡು ಹೋಗಬ್ಯಾಡ, ಅಲ್ಲೇ ಮಗ್ಗಲಕ್ಕ ಹಾಕು. ಸುಡಲಾರದ ಪೆಟ್ರೋಲು ಸೈಲೆನ್ಸರಿನ ದಾರಿ ಹಿಡದು ಕ್ಯಾಟಲಿಟಿಕ್ ಕನ್ವರ್ಟರಿನ್ಯಾಗ ಉರದು ಅದನ್ನೂ ಹಾಳು ಮಾಡತೈತಿ. ಸ್ಕ್ಯಾನರ್ ಹಚ್ಚಿಸು. ಪಿ0302 ಅಂತ ಬಂದ್ರ ಎರಡನೇ ಸಿಲಿಂಡರು. ಆಗ ಎರಡನೇದರ ಕಾಯಿಲ್ ತಗದು ಮೂರನೇದಕ್ಕ ಹಾಕಸು, ಮೂರನೇದನ್ನ ಎರಡನೇದಕ್ಕ. ಕೋಡ್ ಅಳಸಿ ಓಡಸಿದ ಮ್ಯಾಲೆ ಪಿ0303 ಅಂತ ಬಂತೋ, ಕಾಯಿಲ್ಲೇ ಕೆಟ್ಟೈತಿ. ಎರಡರಾಗ ಉಳೀತೋ, ಪ್ಲಗ್ ಬದಲಿ ಮಾಡಿ ನೋಡು, ಆಮ್ಯಾಲೆ ಇಂಜೆಕ್ಟರು. ಇದಕ್ಕ ಹೊಸಾ ಸಾಮಾನು ಒಂದೂ ಬೇಕಾಗೂದಿಲ್ಲ, ಆದ್ರೂ ಎಷ್ಟೋ ಗ್ಯಾರೇಜಿನ್ಯಾಗ ಮಾಡೂದಿಲ್ಲ! ಕಡ್ಲಿ ರಾಶಿ ಟೈಮಿನ್ಯಾಗ ಹೊಟ್ಟಿನ ಬಣಿವಿ ಮಗ್ಗಲಕ್ಕ ಗಾಡಿ ನಿಲ್ಲಸತಿದ್ರ ಬಾನೆಟ್ ಎತ್ತಿ ವಾಯರು ನೋಡು. ಇಲಿ ಕಡದಿದ್ರೂ ಹಿಂಗ ಮಿಸ್ಸಿಂಗ್ ಬರತೈತಿ.

ಮೊದಲನೇ ಗೇರಿನ್ಯಾಗ ಹೊರಡೂ ಮುಂದ ಅಷ್ಟ ಜಗ್ಗಿ ಜಗ್ಗಿ ನಡಗಿದ್ರ ಅದು ಬ್ಯಾರೆ, ಕ್ಲಚ್ ಪ್ಲೇಟು. ಹಾಫ್ ಕ್ಲಚ್ಚಿನ ಮ್ಯಾಲೆ ಕಾಲು ಇಡೂ ಚಟ ನಿನಗ ಐತಿ, ನಾ ನೋಡೇನಿ.

ಮೌಂಟಿಂಗ್ ಬದಲಿ ಮಾಡಬೇಕು ಅಂತ ಮಿಸ್ತ್ರಿ ಹೇಳಿದ್ರ ಬಾನೆಟ್ ತಗದು ನಿಲ್ಲು. ಅಂವಾ ಬ್ರೇಕ್ ಒತ್ತಿ ಹಿಡದು ಕ್ಲಚ್ ಸ್ವಲ್ಪ ಬಿಟ್ಟಾಗ ಎಂಜಿನ್ ಎಗರಿ ಬಿದ್ದಂಗ ಆದ್ರ ಅಂವಾ ಹೇಳೂದು ಖರೆ. ನೀ ಮಾತ್ರ ಮಗ್ಗಲಕ್ಕ ನಿಂತು ನೋಡು, ಗಾಡಿ ಮುಂದ ನಿಲ್ಲಬ್ಯಾಡ. ತಗದ ಹಳೇ ಮೌಂಟಿಂಗ್ ಕೇಳಿ ಇಸ್ಕೊಂಡು ರಬ್ಬರು ಸೀಳೇತೋ ಇಲ್ಲೋ ಕೈಯಾಗ ಹಿಡದು ನೋಡು. ಅದರ ಮ್ಯಾಲೆ ಬಿಲ್ಲು ಕೊಡು.